ದೊಡ್ಡಕ್ಷರ, ಸಣ್ಣಕ್ಷರ ಮತ್ತು ಎರಡು ಶೃಂಗೇರಿಗಳು

ಶೃಂಗೇರಿ ಸೀಮೆಯಲ್ಲಿ ಅಡಕೆ ತೋಟವಿಟ್ಟುಕೊಂಡಿರುವ ನಮ್ಮ ಮಿತ್ರರೊಬ್ಬರಿಗೆ ಕೆಲವು ವರ್ಷಗಳ ಹಿಂದೆ ಒಂದು ವಿಚಿತ್ರವಾದ ತೊಡಕು ಒದಗಿತು. ಆ ವರ್ಷ ಮಳೆ ಹೊಳವಾಗದೆ ಸುರಿದು, ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಎರಡು ಸಲ ಹೊಡೆಸಿದ್ದರೂ ಕೊಳೆರೋಗ ನಿಲ್ಲದೆ, ಎಳೆಯ ಕಾಯಿ ಮರದ ಬುಡದಲ್ಲಿ ಹಾಸಿದಂತೆ ಉದುರಿಹೋಗಿತ್ತು. ಪರಿಹಾರಕ್ಕೆ ಅರ್ಜಿ ಕೊಟ್ಟರು, ಕಾಗದಪತ್ರಗಳೆಲ್ಲ ಕ್ರಮವಾಗಿದ್ದವು. ಆದರೆ ಪಟ್ಟಿ ಹೊರಬಂದಾಗ ಅದರಲ್ಲಿ ಅವರ ಹೆಸರಿರಲಿಲ್ಲ. ಅವರೊಡನೆ ನಾವೂ ಆ ಕಛೇರಿಗೆ ಹೋದೆವು. ಗುಮಾಸ್ತರು ಒಳ್ಳೆಯವರು. ಗಣಕಯಂತ್ರದ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿ, ಅರ್ಜಿಗಳ ಕಡತವನ್ನೂ ಜಮೀನಿನ ಕಡತವನ್ನೂ ಅಕ್ಕಪಕ್ಕದಲ್ಲಿ ತೋರಿಸಿದರು. ಎರಡರಲ್ಲಿಯೂ ತಾಲ್ಲೂಕಿನ ಹೆಸರು ಶೃಂಗೇರಿ ಎಂದೇ ಇತ್ತು.

“ಎರಡೂ ಒಂದೇ ಅಲ್ಲವೇ ಸ್ವಾಮಿ?” ಎಂದು ನಮ್ಮ ಮಿತ್ರರು ಕೇಳಿದರು.

“ನಿಮಗೂ ಒಂದೇ, ನನಗೂ ಒಂದೇ. ಈ ಯಂತ್ರಕ್ಕೆ ಮಾತ್ರ ಬೇರೆ ಬೇರೆ. ತಾಲ್ಲೂಕು ತಾಳೆಯಾಗಲಿಲ್ಲ ಅನ್ನುತ್ತೆ” ಎಂದರು ಅವರು.

ಕಣ್ಣಿಗೆ ಒಂದೇ ಆಗಿರುವ ಎರಡು ಪದಗಳು ಯಂತ್ರಕ್ಕೆ ಎರಡಾಗುವುದು ಹೇಗೆ? ಈ ಪ್ರಶ್ನೆಯ ಬೇರು ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲಿದೆ. ಆದುದರಿಂದ ಶೃಂಗೇರಿಗೆ ಮರಳಿ ಬರುವ ಮೊದಲು ವಾಚಕರನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕಾಗಿದೆ.

ಗಣಕಯಂತ್ರಕ್ಕೆ ಅಕ್ಷರವೆಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡಿ, ಪದವನ್ನು ಸಂಖ್ಯೆಗಳ ಸರವಾಗಿ ಅದರ ಸ್ಮರಣೆಯಲ್ಲಿ ಇಡುತ್ತೇವೆ. ಎರಡು ಪದಗಳು ಒಂದೇ ಹೌದೋ ಅಲ್ಲವೋ ಎಂದು ಕೇಳಿದರೆ, ಅದು ಮೊದಲನೆಯ ಸರದ ಮೊದಲ ಮಣಿಯನ್ನು ಎರಡನೆಯ ಸರದ ಮೊದಲ ಮಣಿಯ ಪಕ್ಕದಲ್ಲಿ ಹಿಡಿಯುತ್ತದೆ. ಸರಿಹೊಂದಿದರೆ ಮುಂದಿನ ಮಣಿ. ಎಲ್ಲಿಯಾದರೂ ಒಂದು ಮಣಿ ಬೇರೆಯಾಯಿತೋ, ಅಲ್ಲಿಗೆ ನಿಂತು ‘ಬೇರೆ’ ಎನ್ನುತ್ತದೆ. ಆ ಮಣಿಗಳು ನಮ್ಮ ಕಣ್ಣಿಗೆ ಹೇಗೆ ಕಾಣುತ್ತವೆಂಬುದು ಅದಕ್ಕೆ ಸಂಬಂಧಪಡದ ವಿಷಯ.

ಈಗ ಕೊಪ್ಪ ಎಂಬ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯೋಣ. ಒಬ್ಬರು ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿ ಬರೆದಾರು; ಇನ್ನೊಬ್ಬರು ಅರ್ಜಿಯ ಮೇಲೆ ‘ದೊಡ್ಡಕ್ಷರಗಳಲ್ಲಿ ತುಂಬಿರಿ’ ಎಂದಿರುವುದನ್ನು ಪಾಲಿಸಿ ಐದನ್ನೂ ದೊಡ್ಡದಾಗಿ ಬರೆದಾರು; ಮೂರನೆಯವರು ಅವಸರದಲ್ಲಿ ಎಲ್ಲವನ್ನೂ ಸಣ್ಣದಾಗಿಯೇ ಒತ್ತಿಯಾರು. ಮೂರೂ ಒಂದೇ ಊರು. ಆದರೆ ದೊಡ್ಡ ‘ಎ’ಯ ಸಂಖ್ಯೆ ೬೫, ಸಣ್ಣ ‘ಎ’ಯದು ೯೭. ಆದ್ದರಿಂದ ಯಂತ್ರದ ಮಟ್ಟಿಗೆ ಅವು ಮೂರು ಊರುಗಳು.

ಒಂದೇ ಅಕ್ಷರಕ್ಕೆ ಎರಡು ಆಕಾರ ಬಂದದ್ದು ಏಕೆ? ಪ್ರಾಚೀನ ರೋಮಿನವರು ಕಲ್ಲಿನ ಮೇಲೆ ಕಂಡರಿಸುತ್ತಿದ್ದುದು ಇಂದಿನ ದೊಡ್ಡಕ್ಷರಗಳನ್ನೇ. ಚರ್ಮದ ಹಾಳೆಯ ಮೇಲೆ ಬೇಗ ಬೇಗ ಬರೆಯುವವರ ಕೈಯಲ್ಲಿ ಅವು ದುಂಡಗಾಗಿ, ಬಾಲ ಕೊಂಬುಗಳನ್ನು ಪಡೆದು, ಕ್ರಿ. ಶ. ೮೦೦ರ ಸುಮಾರಿಗೆ, ಷಾರ್ಲ್‌ಮೇನ್ ದೊರೆಯ ಕಾಲದಲ್ಲಿ, ಒಂದು ಸುಂದರವಾದ ಸಣ್ಣಕ್ಷರದ ಲಿಪಿಯಾಗಿ ನೆಲೆಗೊಂಡವು. ಹಳೆಯ ಆಕಾರಗಳು ಸಾಯಲಿಲ್ಲ. ವಾಕ್ಯದ ಮೊದಲಿಗೂ ಹೆಸರುಗಳ ಮೊದಲಿಗೂ ಮರ್ಯಾದೆಯ ಸ್ಥಾನ ಪಡೆದು ಉಳಿದುಕೊಂಡವು. ಮುಂದೆ ಅಚ್ಚುಕೂಟಗಳು ಬಂದಾಗ, ಮೊಳೆ ಜೋಡಿಸುವವನ ಮುಂದೆ ಎರಡು ಕೇಸುಗಳಿರುತ್ತಿದ್ದವು. ಮೇಲಿನ ಕೇಸಿನಲ್ಲಿ ದೊಡ್ಡಕ್ಷರ. ಕೈಗೆ ಸಮೀಪವಾದ ಕೆಳಗಿನ ಕೇಸಿನಲ್ಲಿ ಹೆಚ್ಚಾಗಿ ಬೇಕಾಗುವ ಸಣ್ಣಕ್ಷರ. ಇಂಗ್ಲಿಷಿನವರು ಇಂದಿಗೂ ಅವನ್ನು ‘ಅಪ್ಪರ್ ಕೇಸ್’, ‘ಲೋವರ್ ಕೇಸ್’ ಎಂದೇ ಕರೆಯುತ್ತಾರೆ. ಮರದ ಪೆಟ್ಟಿಗೆ ಮಾಯವಾದರೂ ಅದರ ಹೆಸರು ಗಣಕಯಂತ್ರದೊಳಗೆ ಉಳಿದಿದೆ.

ಅಮೆರಿಕದಲ್ಲಿ ೧೯೬೩ರಲ್ಲಿ ಪ್ರಕಟವಾದ ‘ಆಸ್ಕಿ’ ಎಂಬ ಸಂಕೇತ ಪದ್ಧತಿಯ ಮೊದಲ ರೂಪದಲ್ಲಿ ಸಣ್ಣಕ್ಷರಗಳೇ ಇರಲಿಲ್ಲ; ಅವುಗಳ ಜಾಗ ಖಾಲಿಯಾಗಿತ್ತು. ೧೯೬೭ರ ಪರಿಷ್ಕರಣದಲ್ಲಿ ಅವು ಬಂದವು. ಹಾಗೆ ಸೇರಿಸುವಾಗ ಅದರ ಕರ್ತರು ಒಂದು ಜಾಣತನದ ಕೆಲಸ ಮಾಡಿದರು. ಯಾವ ಅಕ್ಷರವನ್ನೇ ತೆಗೆದುಕೊಂಡರೂ ದೊಡ್ಡದಕ್ಕೂ ಸಣ್ಣದಕ್ಕೂ ಸರಿಯಾಗಿ ೩೨ರ ಅಂತರ. ಯಂತ್ರವು ಎಣಿಸುವುದು ಎರಡರ ಘಾತಗಳಲ್ಲಿ. ೩೨ ಎಂಬುದು ಅಂಥದೊಂದು ಘಾತವಾದುದರಿಂದ, ಇಡಿಯ ಭೇದವು ಒಂದೇ ಒಂದು ಬಿಟ್ಟಿನಲ್ಲಿ ಅಡಗಿತು. ದೀಪದ ಗುಂಡಿಯಂತೆ ಆ ಬಿಟ್ಟನ್ನು ಒತ್ತಿದರೆ ಸಣ್ಣದು, ಬಿಟ್ಟರೆ ದೊಡ್ಡದು. ಗಾತ್ರವನ್ನು ಗಣಿಸದೆ ಹೋಲಿಸಬೇಕಾದರೆ ಎರಡು ಪದಗಳಲ್ಲಿಯೂ ಆ ಬಿಟ್ಟನ್ನು ಒಂದೇ ಸ್ಥಿತಿಗೆ ತಂದು, ಆಮೇಲೆ ಹೋಲಿಸಿದರಾಯಿತು.

ಇಷ್ಟು ಸುಲಭವಾದ ಕೆಲಸದಲ್ಲಿಯೂ ಎಡವುವ ಸ್ಥಳಗಳುಂಟು. ಚೌಕ ಕಂಸದ ಸಂಖ್ಯೆ ೯೧, ಪುಷ್ಪ ಕಂಸದ್ದು ೧೨೩. ಇವುಗಳ ಅಂತರವೂ ೩೨. ‘ಮೂವತ್ತೆರಡನ್ನು ಮರೆತುಬಿಡು’ ಎಂದು ಯಂತ್ರಕ್ಕೆ ಕಣ್ಣುಮುಚ್ಚಿ ಹೇಳಿದರೆ ಅದು ಈ ಎರಡು ಕಂಸಗಳನ್ನೂ ಒಂದೇ ಎಂದು ಎಣಿಸುತ್ತದೆ. ಆದ್ದರಿಂದ ಒಳ್ಳೆಯ ಪ್ರೋಗ್ರಾಮು ಮೊದಲು ‘ಇದು ಅಕ್ಷರವೇ?’ ಎಂದು ವಿಚಾರಿಸಿಕೊಳ್ಳುತ್ತದೆ.

ಇಂಗ್ಲಿಷಿನ ಗಡಿ ದಾಟಿದರೆ ಇನ್ನೂ ಸ್ವಾರಸ್ಯ. ೧೯೨೮ರಲ್ಲಿ ರೋಮನ್ ಲಿಪಿಯನ್ನು ಸ್ವೀಕರಿಸಿದ ತುರ್ಕಿ ಭಾಷೆಯಲ್ಲಿ ‘ಐ’ ಎಂಬ ಅಕ್ಷರ ಎರಡು. ಒಂದಕ್ಕೆ ತಲೆಯ ಮೇಲೆ ಚುಕ್ಕೆಯುಂಟು, ಇನ್ನೊಂದಕ್ಕಿಲ್ಲ. ಚುಕ್ಕೆಯುಳ್ಳದ್ದು ದೊಡ್ಡದಾದಾಗಲೂ ಚುಕ್ಕೆಯನ್ನು ಬಿಡುವುದಿಲ್ಲ. ಇಂಗ್ಲಿಷಿನ ನಿಯಮವನ್ನು ಅಲ್ಲಿ ಹಚ್ಚಿದರೆ ಒಂದು ಸ್ವರ ಹೋಗಿ ಇನ್ನೊಂದು ಸ್ವರ ಬರುತ್ತದೆ. ಗ್ರೀಕರ ‘ಸಿಗ್ಮಾ’ಕ್ಕೆ ಸಣ್ಣ ರೂಪಗಳೇ ಎರಡು: ಪದದ ನಡುವೆ ಒಂದು, ಕೊನೆಯಲ್ಲಿ ಇನ್ನೊಂದು. ಜರ್ಮನರ ಒಂದು ಸಕಾರವು ದೊಡ್ಡದಾಗುವಾಗ ಎರಡು ಅಕ್ಷರಗಳಾಗಿ ಒಡೆಯುತ್ತಿತ್ತು. ಅದಕ್ಕೊಂದು ಸ್ವಂತ ದೊಡ್ಡಕ್ಷರಕ್ಕೆ ಅಧಿಕೃತ ಮನ್ನಣೆ ಸಿಕ್ಕಿದ್ದು ೨೦೧೭ರಲ್ಲಿ.

ಇಷ್ಟನ್ನು ಓದಿದ ಕನ್ನಡಿಗರು ನೆಮ್ಮದಿಯ ಉಸಿರು ಬಿಟ್ಟಾರು. ನಮ್ಮಲ್ಲಿ ದೊಡ್ಡಕ್ಷರವಿಲ್ಲ, ಸಣ್ಣಕ್ಷರವಿಲ್ಲ. ಕೊಪ್ಪದ ಕಕಾರವು ಪದದ ಮೊದಲಲ್ಲಿ ಬಂದಿತೆಂದು ಮೀಸೆ ತಿರುವುವುದಿಲ್ಲ. ೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಅಚ್ಚುಕೂಟ ತೆರೆದಾಗ, ಅಲ್ಲಿಯ ಮೊಳೆ ಜೋಡಿಸುವವನಿಗೆ ಮೇಲಿನ ಕೆಳಗಿನ ಕೇಸುಗಳ ತಾರತಮ್ಯ ಬೇಕಿರಲಿಲ್ಲ. ಗುಣಿತ, ಒತ್ತು, ಅರ್ಕಾವತ್ತುಗಳಿಂದ ಅವನ ಗೂಡುಗಳು ಬೇರೆ ರೀತಿಯಲ್ಲಿ ತುಂಬಿದ್ದವು, ಅದು ನಿಜ. ಆದರೆ ‘ಗಾತ್ರವನ್ನು ಗಣಿಸದಿರು’ ಎಂಬ ಇಂಗ್ಲಿಷ್ ಉಪಾಯವೊಂದು ಕನ್ನಡದ ಮೇಲೆ ಏಕೆ ಬೀಳಬೇಕು?

ಬೀಳುತ್ತದೆ, ಮತ್ತು ಮೂರು ದಿಕ್ಕುಗಳಿಂದ ಬೀಳುತ್ತದೆ.

ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಯಲ್ಲಿ ಒತ್ತುವವರಿಗೆ ಮೊದಲನೆಯದು ಚೆನ್ನಾಗಿ ಗೊತ್ತು. ಕೆ. ಪಿ. ರಾವ್ ಅವರು ರೂಪಿಸಿದ, ಇಂದು ಬಹಳ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಸಣ್ಣ ‘ಎನ್’ ಒತ್ತಿದರೆ ನ, ದೊಡ್ಡದನ್ನು ಒತ್ತಿದರೆ ಣ. ಸಣ್ಣ ‘ಎಲ್’ ಎಂದರೆ ಲ, ದೊಡ್ಡದೆಂದರೆ ಳ. ಸಣ್ಣ ‘ಕೆ’ ಎಂದರೆ ಕ, ದೊಡ್ಡದೆಂದರೆ ಖ. ಇಂಗ್ಲಿಷಿನಲ್ಲಿ ಕೇವಲ ಅಲಂಕಾರವಾಗಿದ್ದ ಗಾತ್ರವು ಕನ್ನಡದ ಕೈಗೆ ಬಂದಾಗ ಅರ್ಥವಾಯಿತು. ಈ ಕ್ರಮದಲ್ಲಿ ರೋಮನ್ ಅಕ್ಷರಗಳಲ್ಲಿಯೇ ಬರೆದಿಟ್ಟ ಪಟ್ಟಿಯೊಂದನ್ನು, ಗಾತ್ರ ಗಣಿಸದೆ ಹೋಲಿಸುವ ಪ್ರೋಗ್ರಾಮಿಗೆ ಒಪ್ಪಿಸಿದರೆ ಏನಾದೀತು? ಆನೆಯೂ ಆಣೆಯೂ ಒಂದಾದವು. ಮಲೆಯೂ ಮಳೆಯೂ ಒಂದಾದವು. ತುಂಗೆಯ ದಡದವರು ಇದಕ್ಕೆ ಅಷ್ಟಾಗಿ ಆಕ್ಷೇಪಿಸಲಾರರೇನೋ. ಆದರೆ ಹಳ್ಳಿಗಳೆಲ್ಲ ಹಲ್ಲಿಗಳಾಗುವುದನ್ನು ಯಾರೂ ಒಪ್ಪಲಾರರು. ನರಸಿಂಹರಾಜಪುರದ ಹಳೆಯ ಹೆಸರು ಎಡೇಹಳ್ಳಿ. ಮೈಸೂರಿನ ಯುವರಾಜರಾದ ಕಂಠೀರವ ನರಸಿಂಹರಾಜ ಒಡೆಯರು ಅಲ್ಲಿಗೆ ಭೇಟಿ ಕೊಟ್ಟುದರ ನೆನಪಿಗಾಗಿ ೧೯೧೫ರಲ್ಲಿ ಅದಕ್ಕೆ ಈಗಿನ ಹೆಸರಾಯಿತು. ಅದು ಹಳ್ಳಿಯಾಗಿದ್ದುದು ಪಟ್ಟಣವಾಯಿತು. ಯಂತ್ರದ ಕೈಯಲ್ಲಿ ಹಲ್ಲಿಯಾಗುವುದು ಬೇಡ.

ಎರಡನೆಯ ಅಪಾಯ ಇನ್ನೂ ಗುಪ್ತವಾದುದು. ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಪದ್ಧತಿಯಲ್ಲಿ, ಯಂತ್ರದಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳಿರಲಿಲ್ಲ. ಯೂರೋಪಿನ ಅಕ್ಷರಗಳಿಗಾಗಿ ಮೀಸಲಾದ ೨೫೬ ಮನೆಗಳಲ್ಲಿಯೇ ಕನ್ನಡದ ತುಣುಕುಗಳನ್ನು ಬಾಡಿಗೆಗೆ ಇರಿಸಲಾಗಿತ್ತು. ದಕಾರದ ಒಡಲು ಸಣ್ಣ ‘ಜೆಡ್’ನ ಮನೆಯಲ್ಲಿ, ಚಕಾರದ ಒಡಲು ದೊಡ್ಡ ‘ಜೆಡ್’ನ ಮನೆಯಲ್ಲಿ. ಬರೆಯುವವರಿಗೆ ಇದರ ಅರಿವೇ ಇಲ್ಲ. ಅವರಿಗೆ ಕಾಣುವುದು ಅಂದವಾದ ಕನ್ನಡ. ಆದರೆ ಮನೆಯ ಯಜಮಾನನು ಇಂಗ್ಲಿಷಿನವನು. ‘ಗಾತ್ರ ಗಣಿಸದೆ ಹುಡುಕು’ ಎಂದರೆ ಅವನು ‘ದರ’ವನ್ನು ಹುಡುಕುತ್ತ ಹೋಗಿ ‘ಚರ’ವನ್ನು ಹಿಡಿದು ತರುತ್ತಾನೆ.

ಕೊಪ್ಪದ ಹೆಸರಿನಲ್ಲಿ ಈ ವಿಪರ್ಯಾಸ ಪರಾಕಾಷ್ಠೆಗೆ ಮುಟ್ಟುತ್ತದೆ. ಆ ಪದ್ಧತಿಯಲ್ಲಿ ಕೊಪ್ಪ ಎಂಬುದು ಆರು ತುಣುಕುಗಳ ಸರ. ಕೊನೆಯ ಎರಡು ತುಣುಕುಗಳೆಂದರೆ ಪಕಾರದ ತಲೆಕಟ್ಟು ಮತ್ತು ಅದರಡಿಯ ಪ ಒತ್ತು. ತಲೆಕಟ್ಟಿನ ಸಂಖ್ಯೆ ೧೯೨, ಒತ್ತಿನ ಸಂಖ್ಯೆ ೨೨೪; ಕಳೆದು ನೋಡಿದರೆ ಅದೇ ೩೨! ಯೂರೋಪಿನ ಲೆಕ್ಕದಲ್ಲಿ ಅವು ಒಂದೇ ಸ್ವರದ ದೊಡ್ಡ ಸಣ್ಣ ರೂಪಗಳು. ಎಲ್ಲವನ್ನೂ ಸಣ್ಣದಾಗಿಸುವ ಪ್ರೋಗ್ರಾಮೊಂದು ಈ ಹೆಸರಿನ ಮೇಲೆ ಹಾದುಹೋದರೆ ತಲೆಕಟ್ಟು ಜಾರಿ ಬಿದ್ದು ಒತ್ತಾಗುತ್ತದೆ. ತಲೆಯ ಮೇಲಿನದು ಕಾಲಡಿಗೆ ಬಂದಿತು. ಅಪ್ಪ, ತಪ್ಪು, ಒಪ್ಪಿಗೆ ಎಂಬಂಥ ಪದಗಳಿಗೂ, ಅಪ್ಪ ಎಂದು ಕೊನೆಗಾಣುವ ನಮ್ಮ ನಾಡಿನ ಅಸಂಖ್ಯಾತ ಹೆಸರುಗಳಿಗೂ ಇಂಥ ಗತಿಯೇ. ಆ ಪದ್ಧತಿಯಲ್ಲಿ ಬರೆದ ಕಡತಗಳು ಇಂದಿಗೂ ರಾಶಿರಾಶಿಯಾಗಿ ಉಳಿದಿವೆಯಾದ್ದರಿಂದ ಇದನ್ನು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ.

ಯೂನಿಕೋಡ್ ಎಂಬ ವಿಶ್ವಸಂಕೇತವು ೧೯೯೧ರಲ್ಲಿ ಪ್ರಕಟವಾದಾಗ ಕನ್ನಡಕ್ಕೆ ೧೨೮ ಮನೆಗಳ ಒಂದು ಸ್ವಂತ ಕೇರಿಯೇ ದೊರೆಯಿತು: ೩೨೦೦ರಿಂದ ೩೩೨೭ರವರೆಗೆ. ಈ ಕೇರಿಯಲ್ಲಿ ದೊಡ್ಡದು ಸಣ್ಣದು ಎಂಬ ಭೇದವಿಲ್ಲ. ಸರಿಯಾಗಿ ಬರೆದ ಪ್ರೋಗ್ರಾಮು ಇಲ್ಲಿಯ ಅಕ್ಷರಗಳನ್ನು ಮುಟ್ಟದೆ ಬಿಡುತ್ತದೆ. ಸರಿಯಾಗಿ ಬರೆಯದ್ದು ಮುಟ್ಟಿದರೆ? ಕಕಾರ ೩೨೨೧, ಅದಕ್ಕೆ ೩೨ ಸೇರಿಸಿದರೆ ೩೨೫೩, ಅದು ವಕಾರ. ಕಡೆ ಎಂದರೆ ವಡೆ ಸಿಕ್ಕೀತು. ಹಸಿದವರಿಗೆ ಇದರಿಂದ ನಷ್ಟವಿಲ್ಲ.

ಹಾಸ್ಯ ಹಾಗಿರಲಿ. ಸ್ವಂತ ಕೇರಿ ಸಿಕ್ಕಿದ ಮೇಲೂ ಒಂದೇ ಪದಕ್ಕೆ ಎರಡು ಸರ ಎಂಬ ತೊಂದರೆ ತಪ್ಪಲಿಲ್ಲ. ಇದೇ ಮೂರನೆಯ ದಿಕ್ಕು, ಮತ್ತು ನಮ್ಮ ಅಭಿಪ್ರಾಯದಲ್ಲಿ ಕನ್ನಡದ ನಿಜವಾದ ‘ದೊಡ್ಡಕ್ಷರ ಸಣ್ಣಕ್ಷರ’ದ ಸಮಸ್ಯೆ ಇರುವುದು ಇಲ್ಲಿಯೇ. ‘ಕೊ’ ಎಂಬುದನ್ನು ಬರೆಯುವಾಗ ನಮ್ಮ ಕೈ ಏನು ಮಾಡುತ್ತದೆ? ಮೊದಲು ಎತ್ವ, ಆಮೇಲೆ ಕೊಂಬಿನ ದೀರ್ಘ. ಯೂನಿಕೋಡಿನಲ್ಲಿ ಒತ್ವಕ್ಕೆ ೩೨೭೪ ಎಂಬ ಒಂದೇ ಸಂಖ್ಯೆಯೂ ಉಂಟು. ಎತ್ವದ ೩೨೭೦, ಕೊಂಬಿನ ದೀರ್ಘದ ೩೨೬೬ ಎಂಬ ಜೋಡಿಯಿಂದಲೂ ಅದನ್ನು ಬರೆಯಬಹುದು. ಹೀಗಾಗಿ ಕೊಪ್ಪ ಎಂಬುದು ಒಮ್ಮೆ ಐದು ಸಂಖ್ಯೆಗಳ ಸರ, ಒಮ್ಮೆ ಆರರದು. ದೀರ್ಘದ ಬಾಲಕ್ಕೂ ೩೨೮೫ ಎಂಬ ಪ್ರತ್ಯೇಕ ಸಂಖ್ಯೆಯುಂಟು. ಆದ್ದರಿಂದ ಶೃಂಗೇರಿಯ ‘ಗೇ’ಯೂ ಎರಡು ಬಗೆ. ಕುವೆಂಪು ಅವರು ೧೯೦೪ರಲ್ಲಿ ಹುಟ್ಟಿದ, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಇಂಥ ಸ್ವರಗಳು ಎರಡಿರುವುದರಿಂದ ಆ ಒಂದು ಊರಿಗೆ ನಾಲ್ಕು ಸರಗಳು. ತೋಟದ ‘ತೋ’ ಮೂರು ಬಗೆ. ನರಸಿಂಹರಾಜಪುರ ಮಾತ್ರ ಹನ್ನೆರಡು ಸಂಖ್ಯೆಗಳ ಉದ್ದದ ಹೆಸರಾದರೂ ಈ ಕಾಟದಿಂದ ಪೂರಾ ಮುಕ್ತ. ಅದರಲ್ಲಿ ಎತ್ವ ಒತ್ವಗಳೇ ಇಲ್ಲ.

ಈ ದೀರ್ಘದ ಬಾಲಕ್ಕೊಂದು ಇತಿಹಾಸವಿದೆ. ನಮ್ಮ ಹಳೆಯ ಶಾಸನಗಳಲ್ಲಿಯೂ ಓಲೆಗಳಲ್ಲಿಯೂ ಎ ಏ, ಒ ಓ ಇವುಗಳಿಗೆ ಸಾಮಾನ್ಯವಾಗಿ ಬೇರೆ ಬೇರೆ ಗುರುತು ಇರುತ್ತಿರಲಿಲ್ಲ. ಓದುಗನೇ ಸಂದರ್ಭ ನೋಡಿ ಎಳೆದೋ ಮೊಟಕಿಸಿಯೋ ಓದಿಕೊಳ್ಳುತ್ತಿದ್ದನು. ಬಾಲವು ಮೂಲ ಗುರುತಿಗೆ ತರುವಾಯ ಅಂಟಿಕೊಂಡದ್ದು. ಯಂತ್ರದಲ್ಲಿಯೂ ಅದು ಬೇಕಾದಾಗ ಬಿಚ್ಚಿಕೊಳ್ಳುವ ಸ್ವಭಾವವನ್ನು ಉಳಿಸಿಕೊಂಡಿದೆ.

ಇದಕ್ಕೆ ಪರಿಹಾರವೂ ಯೂನಿಕೋಡಿನಲ್ಲಿಯೇ ಉಂಟು. ಹೋಲಿಸುವ ಮೊದಲು ಎರಡು ಪದಗಳಲ್ಲಿಯೂ ಬಿಡಿಭಾಗಗಳನ್ನು ಕೂಡಿಸಿ ಒಂದೇ ಕಟ್ಟಿಗೆ ತರುವುದು, ಅಥವಾ ಎರಡನ್ನೂ ಪೂರಾ ಬಿಡಿಸಿಬಿಡುವುದು. ಎರಡರಲ್ಲಿ ಯಾವುದನ್ನು ಮಾಡಿದರೂ ಸರಿ. ಎರಡು ಕಡೆಗೂ ಒಂದನ್ನೇ ಮಾಡಬೇಕು. ಇಂಗ್ಲಿಷಿನಲ್ಲಿ ಎಲ್ಲವನ್ನೂ ಸಣ್ಣದಾಗಿಸಿ ಹೋಲಿಸುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಹಾಗಾದರೆ ನಮ್ಮ ಮಿತ್ರರ ಶೃಂಗೇರಿ ಈ ‘ಗೇ’ಯಿಂದಲೇ ಕೆಟ್ಟಿತೆ? ನಾವೂ ಹಾಗೆಯೇ ಊಹಿಸಿದ್ದೆವು. ಗುಮಾಸ್ತರ ಅನುಮತಿ ಪಡೆದು ಎರಡು ಪದಗಳನ್ನೂ ಸಂಖ್ಯೆಗಳಾಗಿ ಬಿಡಿಸಿ ನೋಡಿದಾಗ ನಮ್ಮ ಊಹೆ ತಪ್ಪಾಯಿತು. ಎರಡರಲ್ಲಿಯೂ ಏಳೇ ಸಂಖ್ಯೆಗಳಿದ್ದವು. ಆರು ಸರಿಹೊಂದಿದವು. ಮೂರನೆಯದು ಒಂದರಲ್ಲಿ ೩೨೦೨, ಇನ್ನೊಂದರಲ್ಲಿ ೩೩೦೨.

ಮೊದಲನೆಯದು ಅನುಸ್ವಾರ. ಎರಡನೆಯದು ಅಂಕಿಯ ಸೊನ್ನೆ. ಒಂದು ಶೃಂಗೇರಿ, ಇನ್ನೊಂದು ಶೃ೦ಗೇರಿ! ಕನ್ನಡದಲ್ಲಿ ಅನುಸ್ವಾರವನ್ನೂ ನಾವು ಸೊನ್ನೆಯೆಂದೇ ಕರೆಯುತ್ತೇವೆ. ಮಕ್ಕಳಿಗೆ ‘ಅ ಪಕ್ಕ ಸೊನ್ನೆ ಅಂ’ ಎಂದೇ ಕಲಿಸುತ್ತೇವೆ. ಯಾರೋ ಪುಣ್ಯಾತ್ಮರು ಪಟ್ಟಿಯನ್ನು ಬೆರಳಚ್ಚು ಮಾಡುವಾಗ ಸೊನ್ನೆ ಎಂದರೆ ಸೊನ್ನೆಯೇ ಅಲ್ಲವೇ ಎಂದು ಅಂಕಿಯ ಕೀಲಿಯನ್ನು ಒತ್ತಿದ್ದರು. ಪರದೆಯ ಮೇಲೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಆ ಒಂದು ಬೆರಳಿನಿಂದ ಒಂದು ಕುಟುಂಬದ ವರ್ಷದ ಆಸರೆ ತಡೆದು ನಿಂತಿತ್ತು.

ಈ ತಪ್ಪನ್ನು ಯೂನಿಕೋಡಿನ ಕಟ್ಟುವ ಬಿಚ್ಚುವ ಕ್ರಮ ತಿದ್ದಲಾರದು. ಅದರ ದೃಷ್ಟಿಯಲ್ಲಿ ಅಂಕಿಯೂ ಅನುಸ್ವಾರವೂ ಸಂಬಂಧವೇ ಇಲ್ಲದ ಎರಡು ಚಿಹ್ನೆಗಳು. ಕನ್ನಡ ಬಲ್ಲವರು ಕನ್ನಡಕ್ಕಾಗಿಯೇ ನಿಯಮ ಬರೆಯಬೇಕು: ಎರಡು ಅಕ್ಷರಗಳ ನಡುವೆ ಒಂಟಿ ಸೊನ್ನೆ ಸಿಕ್ಕಿದರೆ ಅದನ್ನು ಅನುಸ್ವಾರವೆಂದು ಭಾವಿಸು, ಎಂದು. ೩೨೦೨ರ ನಡುವಿನ ಸೊನ್ನೆಯನ್ನು ಮುಟ್ಟಬೇಡ, ಎಂದೂ ಸೇರಿಸಬೇಕು. ‘ಎನ್. ಆರ್. ಪುರ’ ಎಂದು ಬರೆಯುವಾಗ ಕೆಲವರು ಅರ್ಧಾಕ್ಷರದ ಮುಂದೆ ೮೨೦೪ ಎಂಬ ಸಂಖ್ಯೆಯ ಅದೃಶ್ಯ ಚಿಹ್ನೆಯೊಂದನ್ನು ಇಡುತ್ತಾರೆ; ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಅದಕ್ಕೆ ಅಗಲವೂ ಇಲ್ಲ, ಆಕಾರವೂ ಇಲ್ಲ. ಹೋಲಿಕೆಯ ಹೊತ್ತಿಗೆ ಅದನ್ನು ಬದಿಗಿಡಬೇಕು. ಶೃಙ್ಗೇರಿ ಎಂದು ಹಳೆಯ ಸಂಪ್ರದಾಯದಂತೆ ಅನುನಾಸಿಕವನ್ನೇ ಬರೆದವರಿದ್ದರೆ ಅದನ್ನೂ ಸೊನ್ನೆಗೆ ತರಬೇಕು. ಶ್ರಿಂಗೇರಿ ಎಂದು ಬರೆದವರನ್ನು ಕ್ಷಮಿಸಬೇಕೆ? ಪಂಡಿತರು ಬೇಡವೆಂದಾರು. ಪರಿಹಾರದ ಹಣಕ್ಕೆ ಕಾದಿರುವವರು ಬೇಕೆಂದಾರು. ನಾವು ಎರಡನೆಯವರ ಪಕ್ಷ.

ಆದರೆ ಕ್ಷಮೆಗೂ ಮೇರೆ ಬೇಕು. ಎಷ್ಟೆಷ್ಟು ಭೇದಗಳನ್ನು ಗಣನೆಯಿಂದ ಬಿಡುತ್ತೇವೆಯೋ ಅಷ್ಟಷ್ಟು ಬೇರೆ ಬೇರೆ ಹೆಸರುಗಳು ಒಂದಾಗುತ್ತ ಬರುತ್ತವೆ. ಕೊನೆಯ ಅಕ್ಷರ ಬಿಟ್ಟುಹೋದದ್ದನ್ನೂ ಮನ್ನಿಸುತ್ತೇನೆಂದರೆ ಮಲೆನಾಡಿನ ಕೊಪ್ಪವೂ ಬಯಲುಸೀಮೆಯ ಕೊಪ್ಪಳವೂ ಒಂದಾದಾವು. ಒಬ್ಬನಿಗೆ ಸಲ್ಲಬೇಕಾದುದು ಇನ್ನೊಬ್ಬನಿಗೆ ಸಂದೀತು. ಅನುಭವಿಗಳು ಅನುಸರಿಸುವ ಕ್ರಮವೇನೆಂದರೆ, ಜನ ಬರೆದ ಮೂಲ ರೂಪವನ್ನು ಎಂದೂ ತಿದ್ದದೆ ಹಾಗೆಯೇ ಇಟ್ಟು, ಹೋಲಿಕೆಗೆಂದೇ ಅದರ ಸಮತಟ್ಟಾದ ನಕಲೊಂದನ್ನು ಪಕ್ಕದಲ್ಲಿ ಸಿದ್ಧಪಡಿಸುವುದು. ಗುಪ್ತಪದಗಳ ವಿಷಯದಲ್ಲಿಯಂತೂ ಯಾವ ಕ್ಷಮೆಯೂ ಇಲ್ಲ. ಅಲ್ಲಿ ದೊಡ್ಡದು ದೊಡ್ಡದೇ, ಸಣ್ಣದು ಸಣ್ಣದೇ.

ಇನ್ನು ಹೆಸರೇ ಬದಲಾದ ಕಡೆ ಯಾವ ಬಿಟ್ಟನ್ನು ಒತ್ತಿ ಪ್ರಯೋಜನ? ೨೦೧೪ರ ನವೆಂಬರ್ ೧ರಂದು ಈ ಮೂರು ತಾಲ್ಲೂಕುಗಳ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವೇ ಬದಲಾಯಿತು. ಎಡೇಹಳ್ಳಿ ನರಸಿಂಹರಾಜಪುರವಾಗಿ ನೂರು ವರ್ಷ ಮೀರಿತು. ಇವು ಒಂದೇ ಊರಿನ ಹೆಸರುಗಳೆಂದು ಅಕ್ಷರಗಳನ್ನು ಎಷ್ಟು ಸಮ ಮಾಡಿದರೂ ತಿಳಿಯುವುದಿಲ್ಲ. ಯಾರಾದರೂ ಕುಳಿತು ‘ಇದೆಂದರೆ ಅದು’ ಎಂದು ಒಂದು ಪಟ್ಟಿ ಬರೆಯಬೇಕು.

ಆ ಕಛೇರಿಯಲ್ಲಿ ಕಡೆಗೆ ನಡೆದದ್ದೂ ಅದೇ. ಸೊನ್ನೆಗಳನ್ನು ತಿದ್ದುವ ನಾಲ್ಕು ಸಾಲಿನ ಪ್ರೋಗ್ರಾಮನ್ನು ಓಡಿಸಿದಾಗ ಶೃಂಗೇರಿಗಳೆರಡೂ ಒಂದಾದವು. ಕೊಪ್ಪದ ಕೆಲವು ಹೆಸರುಗಳೂ ಒತ್ವವನ್ನು ಕಟ್ಟಿಕೊಂಡು ತಮ್ಮ ಸ್ಥಾನಕ್ಕೆ ಬಂದವು. ನರಸಿಂಹರಾಜಪುರ ಮಾತ್ರ ಪೂರ್ಣ ಹೆಸರಿನಲ್ಲಿ ಒಮ್ಮೆ, ಚುಕ್ಕೆಯಿಟ್ಟ ಮೊದಲಕ್ಷರಗಳಲ್ಲಿ ಒಮ್ಮೆ, ಚುಕ್ಕೆಯಿಲ್ಲದೆ ಒಮ್ಮೆ ಹೀಗೆ ಮೂರಾಗಿಯೇ ಉಳಿಯಿತು. ಗುಮಾಸ್ತರು ನಿಟ್ಟುಸಿರು ಬಿಟ್ಟು, ಕನ್ನಡಕ ಒರೆಸಿಕೊಂಡು, ಅಂದು ಸಂಜೆ ಆರೂವರೆಯವರೆಗೆ ಅವನ್ನು ಕಣ್ಣಿನಿಂದಲೇ ಓದಿ ಗುರುತು ಹಾಕಿದರು. ನಮ್ಮ ಮಿತ್ರರಿಗೆ ಹಣ ಮುಂದಿನ ಕಂತಿನಲ್ಲಿ ಬಂದಿತು.